ಒಳ್ಳೆಯ ದನಿಗೆ ಎಷ್ಟು ದುಡ್ಡು? ಹುಬ್ಬಳ್ಳಿ-ಧಾರವಾಡದ ಕೇಳುಗರಿಗೊಂದು ಮಾರ್ಗದರ್ಶಿ

ಹಾಡು ಕೇಳಿಸುವ ಆ್ಯಪ್‌ಗಳು ಈಗ ‘ಲಾಸ್‌ಲೆಸ್’, ‘ಹೈ-ರೆಸ್’ ಅನ್ನುವ ಎರಡು ಮಾತನ್ನು ಬಹಳ ಜೋರಾಗಿ ಹೇಳುತ್ತಿವೆ. ಸ್ಟುಡಿಯೋದಲ್ಲಿ ದಾಖಲಾದ ದನಿ ಒಂಚೂರೂ ಕಡಿಮೆಯಾಗದೆ ನಿಮ್ಮ ಫೋನಿಗೆ ಬರುತ್ತದೆ ಅಂತ ಅದರ ಅರ್ಥ. ಮಾತು ನಿಜ. ಆದರೆ ಫೋನಿಗೆ ಬಂದದ್ದು ಕಿವಿಗೆ ಬರಬೇಕಲ್ವಾ? ಅದಕ್ಕೆ ತಿಂಗಳ ಚಂದಾ ಒಂದೇ ಸಾಕಾಗುವುದಿಲ್ಲ. ಸೆಟ್ಟಿಂಗ್, ಇಯರ್‌ಫೋನ್, ಡೇಟಾ ಪ್ಯಾಕ್, ಜೊತೆಗೆ ಮೂಲ ಧ್ವನಿಮುದ್ರಣ ಎಂಥದ್ದು ಅನ್ನುವುದು, ಎಲ್ಲ ಕೂಡಿಬರಬೇಕು.

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಕುಂದಗೋಳದ ಸವಾಯಿ ಗಂಧರ್ವರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮತ್ತು ಬಸವರಾಜ ರಾಜಗುರುಗಳು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಒಂದೆರಡು ತಾಸಿನ ದಾರಿಯೊಳಗೆ ಇಷ್ಟು ದೊಡ್ಡ ದನಿಗಳು ಇದ್ದ ನೆಲ ಇದು. ಹಾಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಹಾಡು ಅಂದರೆ ನಾಲ್ಕು ನಿಮಿಷದ್ದಲ್ಲ, ನಲವತ್ತು ನಿಮಿಷದ್ದು. ತಂಬೂರಿಯ ನಾದ ಹರಿಯುವುದು, ಷಡ್ಜಕ್ಕೆ ಬಂದು ನಿಲ್ಲುವಾಗ ಉಸಿರು ಬದಲಾಗುವುದು, ಇಂಥದ್ದನ್ನು ಕೇಳುವವರು ನಾವು. ದನಿಯ ಗುಣಮಟ್ಟ ನಮಗೆ ಷೋಕಿ ಅಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಗಳ ಪೈಪೋಟಿಯಿಂದ ಲಾಸ್‌ಲೆಸ್‌ನ ಬೆಲೆ ಬಿದ್ದಿದೆ. ಆ ಹೆಸರಿಗಾಗಿಯೇ ದುಪ್ಪಟ್ಟು ಕೊಡುವ ಕಾಲ ಮುಗಿದಿದೆ. ಚಂದಾ ಕಟ್ಟುವುದಾದರೆ ನೀವು ಕೇಳುವ ಹಾಡು ಯಾರ ಹತ್ತಿರ ಇದೆಯೋ ಅವರಿಗೆ ಕಟ್ಟಿ. ಮಿಕ್ಕ ದುಡ್ಡನ್ನು ವೈರ್ ಇರುವ ಒಂದು ಒಳ್ಳೆಯ ಇಯರ್‌ಫೋನಿಗೆ ಹಾಕಿ. ಇದನ್ನು ಹೇಗೆ ಮಾಡುವುದು ಅನ್ನುವುದೇ ಮುಂದಿನ ಹೆಜ್ಜೆಗಳು.

1. ಬೆಲೆ ಯಾಕೆ ಬಿತ್ತು, ಮೊದಲು ತಿಳಿದುಕೊಳ್ಳಿ

ಇದು ಗೊತ್ತಿದ್ದರೆ ಜಾಹೀರಾತು ನೋಡಿ ಮರುಳಾಗುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟೈಡಲ್ ಅನ್ನುವ ಸೇವೆ 2014ರಲ್ಲಿ ಶುರುವಾದಾಗ ಸೀಡಿ ಗುಣಮಟ್ಟಕ್ಕೆ, ಅಂದರೆ ಲಾಸ್‌ಲೆಸ್‌ಗೆ, ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್ ಕೇಳಿತು. ಆಗ ಉಳಿದ ಸೇವೆಗಳ ಮಾಮೂಲಿ ಚಂದಾ 9.99 ಡಾಲರ್. ಅಂದರೆ ಒಳ್ಳೆಯ ದನಿಗೆ ಸರಿಯಾಗಿ ಎರಡು ಪಟ್ಟು. 2007ರಲ್ಲೇ ಶುರುವಾಗಿದ್ದ ಫ್ರಾನ್ಸಿನ ಕೋಬಜ್ ಕೂಡ ಇದೇ ದಾರಿಯಲ್ಲಿತ್ತು. ದನಿಯ ಬಗ್ಗೆ ಹಟ ಇರುವ ಸ್ವಲ್ಪ ಜನರಿಂದ ಜಾಸ್ತಿ ದುಡ್ಡು ತೆಗೆದುಕೊಳ್ಳುವುದು ಇವರ ಲೆಕ್ಕ.

2019ರ ಸೆಪ್ಟೆಂಬರಿನಲ್ಲಿ ಅಮೆಜಾನ್ ಅದೇ ಮಾಲನ್ನು 14.99 ಡಾಲರಿಗೆ ಕೊಟ್ಟಿತು. ಪ್ರೈಮ್ ಸದಸ್ಯರಿಗೆ ಇನ್ನೂ ಎರಡು ಡಾಲರ್ ಕಡಿಮೆ. ಆಮೇಲೆ 2021ರ ಮೇ 17 ಬಂತು. ಲಾಸ್‌ಲೆಸ್‌ಗೆ ಹೆಚ್ಚಿನ ದುಡ್ಡೇ ಬೇಡ, ಮಾಮೂಲಿ ಚಂದಾದಲ್ಲೇ ಕೊಡುತ್ತೇವೆ ಎಂದು ಆ್ಯಪಲ್ ಘೋಷಿಸಿತು. ಅದೇ ದಿನ ಅಮೆಜಾನ್ ಕೂಡ ತನ್ನ ಹೆಚ್ಚಿನ ದರ ತೆಗೆದುಹಾಕಿತು. ಒಂದೇ ದಿನದಲ್ಲಿ ಇಡೀ ಮಾರುಕಟ್ಟೆಯ ಲೆಕ್ಕ ಬದಲಾಯಿತು.

ಈ ಇಬ್ಬರಿಗೆ ಅದು ಸಾಧ್ಯವಾಗಿದ್ದು ಹೇಗೆ? ಆ್ಯಪಲ್‌ನ ದುಡಿಮೆ ಫೋನಿನಲ್ಲಿದೆ. ಅಮೆಜಾನ್‌ನದು ಅಂಗಡಿಯಲ್ಲಿದೆ. ಸಂಗೀತದಲ್ಲಿ ಲಾಭ ಬಾರದಿದ್ದರೂ ಅವರ ಒಲೆ ಆರುವುದಿಲ್ಲ. ಟೈಡಲ್, ಕೋಬಜ್ ಮಾರುವುದು ಸಂಗೀತವನ್ನೇ. ಆದರೂ ಟೈಡಲ್ ದರ ಇಳಿಸಲೇಬೇಕಾಯಿತು. 2024ರ ಏಪ್ರಿಲಿನಲ್ಲಿ ಎಲ್ಲ ಗುಣಮಟ್ಟವನ್ನೂ ಸೇರಿಸಿ 10.99 ಡಾಲರಿಗೆ ಬಂದು ನಿಂತಿತು. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಕೇಳುವವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಸಂಗೀತವನ್ನೇ ನಂಬಿಕೊಂಡ ಸಣ್ಣ ಸೇವೆಗಳು ಎಷ್ಟು ದಿನ ತಡೆದುಕೊಳ್ಳುತ್ತವೆ ಅನ್ನುವ ಚಿಂತೆ ನನಗಿದೆ.

ಸ್ಪಾಟಿಫೈ ಕಥೆಯೇ ಬೇರೆ. ಲಾಸ್‌ಲೆಸ್ ಅನ್ನು ‘ಈ ವರ್ಷವೇ ತರುತ್ತೇವೆ’ ಎಂದು 2021ರ ಫೆಬ್ರವರಿಯಲ್ಲಿ ಹೇಳಿದ್ದು ನಿಜಕ್ಕೂ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಅಮೆರಿಕದಂಥ ಕಡೆ ಮಾಮೂಲಿ ಪ್ರೀಮಿಯಂನಲ್ಲೇ ಲಾಸ್‌ಲೆಸ್ ಸೇರಿಸಿದರು. ಭಾರತದಲ್ಲಿ ಹಾಗೆ ಮಾಡಲಿಲ್ಲ. 2025ರ ನವೆಂಬರಿನಲ್ಲಿ ಇಲ್ಲಿ ಮೂರು ಮೆಟ್ಟಿಲು ಇಟ್ಟರು. 139 ರೂಪಾಯಿಯ ಲೈಟ್, 199ರ ಸ್ಟ್ಯಾಂಡರ್ಡ್, 299ರ ಪ್ಲಾಟಿನಂ. ಲಾಸ್‌ಲೆಸ್ ಇರುವುದು ಮೇಲಿನ ಮೆಟ್ಟಿಲಿನಲ್ಲಿ ಮಾತ್ರ. ಲೈಟ್‌ನಲ್ಲಿ ಗರಿಷ್ಠ 160 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ದನಿ ಬರುತ್ತದೆ ಅನ್ನುವ ಅಳತೆ), ಸ್ಟ್ಯಾಂಡರ್ಡ್‌ನಲ್ಲಿ 320. ಇದೇ ಕಂಪನಿ 2019ರಲ್ಲಿ ಭಾರತಕ್ಕೆ ಬಂದಾಗ ಚಂದಾ 119 ರೂಪಾಯಿ ಇತ್ತು. ಆ್ಯಪಲ್ ಮ್ಯೂಸಿಕ್ 2015ರಲ್ಲಿ 120 ರೂಪಾಯಿಗೆ ಶುರು ಮಾಡಿ, ಸ್ಪಾಟಿಫೈ ಬಂದ ವರ್ಷವೇ 99ಕ್ಕೆ ಇಳಿಸಿತು. ಪೈಪೋಟಿ ಅಂದರೆ ಇದೇ. ಈ ಬರಹದಲ್ಲಿ ಬರುವ ದರಗಳು ಆಗಾಗ ಬದಲಾಗುತ್ತವೆ. ಕಟ್ಟುವ ದಿನ ಆ್ಯಪ್ ಒಳಗೆ ತೋರಿಸುವ ದರವನ್ನೇ ನಂಬಿ.

ಟೈಡಲ್ ಮತ್ತು ಕೋಬಜ್ ಭಾರತದಲ್ಲಿ ಅಧಿಕೃತವಾಗಿ ಚಂದಾ ಮಾರುವುದಿಲ್ಲ. ವಿಪಿಎನ್ ಹಾಕಿ, ಬೇರೆ ದೇಶದ ವಿಳಾಸ ಕೊಟ್ಟು ತೆಗೆದುಕೊಳ್ಳುವವರಿದ್ದಾರೆ. ಬೇಡ ಅನ್ನುತ್ತೇನೆ. ಖಾತೆ ಯಾವಾಗ ಬೇಕಾದರೂ ಮುಚ್ಚಬಹುದು, ದೂರು ಕೊಡಲು ಜಾಗ ಇರುವುದಿಲ್ಲ.

2. ನೀವು ನಿಜವಾಗಿ ಕೇಳುವುದನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ಏನು ಕೇಳುತ್ತಾರೆ, ಇಪ್ಪತ್ತು ಹೆಸರು ಬರೆಯಿರಿ. ಅಜ್ಜಿಗೆ ವಚನ, ಅಪ್ಪನಿಗೆ ಖಯಾಲ್, ಮಕ್ಕಳಿಗೆ ಸಿನಿಮಾ ಹಾಡು, ನಿಮಗೆ ಶಿಶುನಾಳ ಶರೀಫರ ಪದ. ‘ಭೀಮಸೇನ ಜೋಶಿ’ ಅಂತ ಬರೆದರೆ ಸಾಲದು. ಯಾವ ರಾಗ, ಯಾವ ಕಾಲದ ಹಾಡುಗಾರಿಕೆ ಅಂತ ಬರೆಯಿರಿ.

ಆ ಪಟ್ಟಿಯನ್ನು ಪ್ರತಿ ಆ್ಯಪ್‌ನಲ್ಲೂ ಹುಡುಕಿ. ಹುಡುಕುವುದಕ್ಕೆ ದುಡ್ಡು ಬೇಡ. ಆ್ಯಪಲ್ ಮ್ಯೂಸಿಕ್ ಪಟ್ಟಿಯನ್ನು ಬ್ರೌಸರ್‌ನಲ್ಲೇ ನೋಡಬಹುದು, ಸ್ಪಾಟಿಫೈಗೆ ಉಚಿತ ಖಾತೆ ಸಾಕು.

ಇಲ್ಲಿ ಒಂದು ತೊಡಕು ಇದೆ. ನಮ್ಮ ಗಾಯಕರ ಹೆಸರನ್ನು ಇಂಗ್ಲಿಷಿನಲ್ಲಿ ಹತ್ತು ಥರ ಬರೆಯುತ್ತಾರೆ. ಮನ್ಸೂರರ ಹೆಸರಿನ ಕೊನೆಗೆ ಒಂದು ಕಡೆ ‘ಯು’, ಇನ್ನೊಂದು ಕಡೆ ಎರಡು ‘ಓ’. ಹಾನಗಲ್‌ಗೆ ಒಂದು ‘ಎ’ ಹೆಚ್ಚು, ಒಂದು ‘ಎ’ ಕಡಿಮೆ. ಪಂಡಿತ್ ಅಂತ ಸೇರಿಸಿದರೆ ಒಂದು ಪಟ್ಟಿ, ಬಿಟ್ಟರೆ ಇನ್ನೊಂದು. ಗಂಗೂಬಾಯಿ ಅವರ 1930ರ ದಶಕದ ಆರಂಭದ ಗ್ರಾಮೊಫೋನ್ ಪ್ಲೇಟುಗಳ ಮೇಲೆ ‘ಗಾಂಧಾರಿ’ ಅನ್ನುವ ಹೆಸರಿತ್ತು. ಆ ಹೆಸರಿನಲ್ಲೂ ಹುಡುಕಬೇಕು. ರಾಗದ ಹೆಸರಿನಿಂದ ಹುಡುಕಿದರೆ ಎಷ್ಟೋ ಸಲ ಬೇಗ ಸಿಗುತ್ತದೆ.

ಸಿಕ್ಕಿದ ಮೇಲೆ ಅವಧಿ ನೋಡಿ. ‘ರಾಗ ಮಾರ್ವಾ, 4 ನಿಮಿಷ’ ಅಂತ ಇದ್ದರೆ ಅದು ಹಳೆಯ ಪ್ಲೇಟಿನದೋ ಅಥವಾ ಕತ್ತರಿಸಿದ ತುಣುಕೋ ಕೇಳಿ ನೋಡಿ. ವಿಲಂಬಿತ (ನಿಧಾನದ ಭಾಗ), ದ್ರುತ್ (ವೇಗದ ಭಾಗ) ಎರಡೂ ಇವೆಯೇ, ಸರಿಯಾದ ಕ್ರಮದಲ್ಲಿವೆಯೇ ನೋಡಿ. ದ್ರುತ್ ಮೊದಲು, ಆಲಾಪ ಆಮೇಲೆ ಅಂತ ಜೋಡಿಸಿಟ್ಟ ಆಲ್ಬಮ್ ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆಲ್ಬಮ್ ಸೇರಿಸಿದವರು ಒಮ್ಮೆಯೂ ಕೂತು ಕೇಳಿಲ್ಲ ಅಂತ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರು ಸಿಗದ ಆ್ಯಪ್ ಎಷ್ಟೇ ಒಳ್ಳೆಯ ದನಿ ಕೊಟ್ಟರೂ ನಿಮಗೆ ಉಪಯೋಗವಿಲ್ಲ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಲಾಸ್‌ಲೆಸ್ ಇಲ್ಲ, ಗರಿಷ್ಠ 256 ಕೆಬಿಪಿಎಸ್. ಆದರೆ ಜನ ತಾವೇ ಏರಿಸಿದ ಹಳೆಯ ಕಛೇರಿಗಳು, ಜಾತ್ರೆಯ ಜನಪದ ಹಾಡು, ಗೀಗೀ ಪದ ಅಲ್ಲಿ ಸಿಗುವಷ್ಟು ಬೇರೆ ಕಡೆ ಸಿಗುವುದಿಲ್ಲ. ನಿಮ್ಮ ಹಾಳೆ ಅಂಥ ಹೆಸರುಗಳಿಂದಲೇ ತುಂಬಿದ್ದರೆ ಲಾಸ್‌ಲೆಸ್ ಚಿಂತೆಯನ್ನು ಇಲ್ಲಿಗೇ ಬಿಡಿ.

3. ಮೂಲ ಧ್ವನಿಮುದ್ರಣ ಯಾವ ಕಾಲದ್ದು ಕೇಳಿ

ಸೀಡಿಯ ಅಳತೆ 16 ಬಿಟ್, 44.1 ಕಿಲೋಹರ್ಟ್ಜ್. ಅಂದರೆ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಬರೆದಿಡುತ್ತಾರೆ. ಹೀಗೆ ಅಳೆದರೆ 22 ಕಿಲೋಹರ್ಟ್ಜ್‌ವರೆಗಿನ ದನಿ ಸಿಗುತ್ತದೆ. ಮನುಷ್ಯರ ಕಿವಿ ಕೇಳುವುದು ಚಿಕ್ಕ ವಯಸ್ಸಿನಲ್ಲಿ ಹೆಚ್ಚೆಂದರೆ 20ರವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. ಇದಕ್ಕಿಂತ ಮೇಲಿನದು ಹೈ-ರೆಸ್, ಆ್ಯಪಲ್‌ನಲ್ಲಿ 24 ಬಿಟ್, 192 ಕಿಲೋಹರ್ಟ್ಜ್‌ವರೆಗೂ ಇದೆ. ಸ್ಪಾಟಿಫೈ 24 ಬಿಟ್, 44.1ಕ್ಕೆ ನಿಲ್ಲುತ್ತದೆ. ಈ ಕಾರಣಕ್ಕೆ ಸ್ಪಾಟಿಫೈಯನ್ನು ಕಡಿಮೆ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಕೂತು ಕೇಳುವುದಕ್ಕೆ ಸೀಡಿ ಗುಣಮಟ್ಟವೇ ಬೇಕಾದಷ್ಟಾಯಿತು.

ನಮಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಸವಾಯಿ ಗಂಧರ್ವರ ಪ್ಲೇಟುಗಳು 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಕಾಲದವು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಆಗಿನ ಯಂತ್ರ ಹಿಡಿದ ದನಿಯೇ ಕಿರಿದು, ಮೇಲೆ ಮುಳ್ಳು ಉಜ್ಜಿದ ಸದ್ದು. ಅಂಥದ್ದನ್ನು ಹೈ-ರೆಸ್ ಅಂತ ಕೊಟ್ಟರೆ ಏನು ಬಂತು? ತಂಬಿಗೆ ನೀರನ್ನು ಹಂಡೆಗೆ ಸುರಿದರೆ ನೀರು ಜಾಸ್ತಿಯಾಗುವುದಿಲ್ಲ. ಅಲ್ಲಿ ವ್ಯತ್ಯಾಸ ಮಾಡುವುದು ಪ್ಲೇಟನ್ನು ಯಾರು, ಎಷ್ಟು ಜಾಗ್ರತೆಯಿಂದ ತೊಳೆದು, ಸರಿಯಾದ ಮುಳ್ಳು ಹಾಕಿ, ಸರಿಯಾದ ವೇಗದಲ್ಲಿ ಓಡಿಸಿ ಇಳಿಸಿಕೊಂಡರು ಅನ್ನುವುದು. ವೇಗ ತುಸು ತಪ್ಪಿದರೂ ಶ್ರುತಿಯೇ ಬದಲಾಗುತ್ತದೆ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಜಾಸ್ತಿ ಹಾಕಿದರೆ ಮುಳ್ಳಿನ ಸದ್ದಿನ ಜೊತೆ ತಂಬೂರಿಯೂ ಸಾಯುತ್ತದೆ. ಒಂದೇ ಹಾಡು ಎರಡು ಮೂರು ಆಲ್ಬಮ್‌ಗಳಲ್ಲಿದ್ದರೆ ಎಲ್ಲವನ್ನೂ ಕೇಳಿ. ಸ್ವಲ್ಪ ಕರಕರ ಇದ್ದರೂ ದನಿಗೆ ಜೀವ ಇರುವುದನ್ನು ಆರಿಸಿಕೊಳ್ಳಿ.

ಆಕಾಶವಾಣಿಯ ಟೇಪುಗಳು ನಡುವಿನ ಕಾಲದವು. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ಇಂಥ ಸ್ಟುಡಿಯೋಗಳಲ್ಲಿ ಟೇಪಿಗೆ ಹಿಡಿದ, ಚೆನ್ನಾಗಿ ಕಾಪಾಡಿದ ದನಿಗೆ ಲಾಸ್‌ಲೆಸ್ ನಿಜಕ್ಕೂ ನ್ಯಾಯ ಮಾಡುತ್ತದೆ. ಎಲ್‌ಪಿ ಕಾಲದ ಮನ್ಸೂರರು, ಸೀಡಿ ಕಾಲದ ಭೀಮಸೇನ ಜೋಶಿಯವರ ಧ್ವನಿಮುದ್ರಣಗಳೂ ಅಷ್ಟೇ. ಹೊಸ ಕಾಲದ ಸ್ಟುಡಿಯೋ ಆಲ್ಬಮ್ ಆದರಂತೂ ಎರಡು ಮಾತಿಲ್ಲ.

4. ಕಿವಿಗೂ ಫೋನಿಗೂ ನಡುವೆ ಏನಿದೆ ನೋಡಿ

ಬಹಳ ಜನರ ದುಡ್ಡು ಸೋರಿಹೋಗುವುದು ಇಲ್ಲಿ. ಲಾಸ್‌ಲೆಸ್ ಚಂದಾ ಕಟ್ಟಿ, ಬ್ಲೂಟೂತ್ ಇಯರ್‌ಬಡ್ ಹಾಕಿಕೊಳ್ಳುತ್ತಾರೆ. ಹೆಚ್ಚಿನ ಕಡೆ ಬ್ಲೂಟೂತ್ ಆ ದನಿಯನ್ನು ಮತ್ತೆ ಕುಗ್ಗಿಸಿಯೇ ಕಳಿಸುವುದು. ದುಬಾರಿ ಇಯರ್‌ಬಡ್‌ಗಳಲ್ಲಿ ಇರುವ ಎಲ್‌ಡ್ಯಾಕ್ ಅನ್ನುವ ಬ್ಲೂಟೂತ್ ವಿಧಾನ ಕೂಡ ಗರಿಷ್ಠ 990 ಕೆಬಿಪಿಎಸ್. ಚೆನ್ನಾಗಿ ಕೇಳಿಸುತ್ತದೆ ನಿಜ, ಆದರೆ ಅದೂ ಲಾಸ್‌ಲೆಸ್ ಅಲ್ಲ.

ಹಾಗಾಗಿ ವೈರ್ ಬೇಕು. ಫೋನಿನಲ್ಲಿ 3.5 ಎಂಎಂ ತೂತು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ತರಬೇಕು. ಕೊಪ್ಪಿಕರ್ ರಸ್ತೆಯಲ್ಲೋ ಧಾರವಾಡದ ಸುಭಾಷ್ ರಸ್ತೆಯಲ್ಲೋ ಅಂಗಡಿಗೆ ಹೋದಾಗ ಸುಮ್ನೆ ‘ಅಡಾಪ್ಟರ್ ಕೊಡ್ರಿ’ ಅನ್ನಬೇಡಿ. ‘ಇದರಾಗ ಡ್ಯಾಕ್ ಐತೇನ್ರಿ?’ ಅಂತ ಕೇಳಿ. ಡ್ಯಾಕ್ ಅಂದರೆ ಅಂಕಿಗಳನ್ನು ಮತ್ತೆ ದನಿಯಾಗಿ ಮಾಡುವ ಪುಟ್ಟ ಚಿಪ್. ಅದು ಇಲ್ಲದ ಅಗ್ಗದ ಅಡಾಪ್ಟರ್ ಎಷ್ಟೋ ಫೋನುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಫೋನ್ ಜೊತೆ ಒಯ್ದು, ಅಲ್ಲೇ ಹಾಕಿ ನೋಡಿ ತೆಗೆದುಕೊಳ್ಳಿ. ಆ್ಯಪಲ್‌ನ ಸಣ್ಣ ಅಡಾಪ್ಟರ್‌ನಲ್ಲಿರುವ ಡ್ಯಾಕ್ 24 ಬಿಟ್, 48 ಕಿಲೋಹರ್ಟ್ಜ್‌ವರೆಗೆ ಹೋಗುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. 192ರ ಆಸೆಗೆ ದೊಡ್ಡ ಡ್ಯಾಕ್ ಕೊಳ್ಳುವ ದುಡ್ಡು ಇದ್ದರೆ ಅದನ್ನು ಇಯರ್‌ಫೋನಿಗೇ ಹಾಕಿ. ವ್ಯತ್ಯಾಸ ಕಿವಿಗೆ ಗೊತ್ತಾಗುವುದು ಅಲ್ಲಿ.

ಮನೆಯಲ್ಲಿ ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಇವೆಯೇ? ಅಟ್ಟದಿಂದ ಇಳಿಸಿ. ಹಿಂದೆ ‘ಆಕ್ಸ್’ ಅಂತ ಬರೆದ ಕೆಂಪು-ಬಿಳಿ ತೂತುಗಳಿರುತ್ತವೆ. ಡ್ಯಾಕ್‌ನಿಂದ ಅಲ್ಲಿಗೆ ಒಂದು ವೈರ್ ಎಳೆದರೆ ಮುಗಿಯಿತು. ಹೊಸ ಬ್ಲೂಟೂತ್ ಡಬ್ಬಿಗಿಂತ ಇಂಥ ಜೋಡಿಯಲ್ಲಿ ತಂಬೂರಿ ಬಹಳ ಚೆನ್ನಾಗಿ ಕೇಳುತ್ತದೆ.

ನೀವು ಹಾಡು ಕೇಳುವುದು ಚಿಗರಿ ಬಸ್ಸಿನಲ್ಲೋ ಹುಬ್ಬಳ್ಳಿ-ಗದಗ ಬಸ್ಸಿನಲ್ಲೋ ಮಾತ್ರ ಆದರೆ ಈ ಖರ್ಚು ಯಾವುದೂ ಬೇಡ. ಎಂಜಿನ್ ಸದ್ದಿನಲ್ಲಿ 320 ಕೆಬಿಪಿಎಸ್‌ಗೂ ಲಾಸ್‌ಲೆಸ್‌ಗೂ ವ್ಯತ್ಯಾಸ ಯಾರಿಗೂ ಗೊತ್ತಾಗದು.

5. ಡೇಟಾ ಲೆಕ್ಕ ಹಾಕಿ

ಆ್ಯಪಲ್ ತಾನೇ ಕೊಡುವ ಅಂದಾಜು ಹೀಗಿದೆ. ಮೂರು ನಿಮಿಷದ ಒಂದು ಹಾಡಿಗೆ 256 ಕೆಬಿಪಿಎಸ್‌ನಲ್ಲಿ 6 ಎಂಬಿ. ಲಾಸ್‌ಲೆಸ್‌ನಲ್ಲಿ 36 ಎಂಬಿ. ಹೈ-ರೆಸ್‌ನಲ್ಲಿ 145 ಎಂಬಿ.

ಇದನ್ನು ನಮ್ಮ ಕೇಳುವಿಕೆಗೆ ಹಾಕಿ ನೋಡಿ. ದಿನಕ್ಕೆ 2 ಜಿಬಿ ಪ್ಯಾಕ್ ಇದೆ ಅಂದುಕೊಳ್ಳಿ. ಹೈ-ರೆಸ್‌ನಲ್ಲಿ ಅದು ಸುಮಾರು 40 ನಿಮಿಷಕ್ಕೆ ಖಾಲಿ. ಬಡಾ ಖಯಾಲ್ (ವಿಲಂಬಿತ ಭಾಗ) ಮುಗಿಯುವಷ್ಟರಲ್ಲಿ ಪ್ಯಾಕ್ ಮುಗಿಯುತ್ತದೆ, ದ್ರುತ್‌ಗೆ ಡೇಟಾ ಇರುವುದಿಲ್ಲ. ಲಾಸ್‌ಲೆಸ್‌ನಲ್ಲಿ ಎರಡೂಮುಕ್ಕಾಲು ತಾಸು ಬರುತ್ತದೆ. 256 ಕೆಬಿಪಿಎಸ್‌ನಲ್ಲಿ ಹದಿನಾರು ತಾಸಿಗಿಂತ ಜಾಸ್ತಿ.

ಆದ್ದರಿಂದ ಮೊಬೈಲ್ ಡೇಟಾದಲ್ಲಿ ಲಾಸ್‌ಲೆಸ್ ಬಂದ್ ಇರಲಿ. ಮನೆಯ ವೈ-ಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಮನೆಯಲ್ಲಿ ಫೈಬರ್ ಇಲ್ಲದವರು, ಬರೀ ಮೊಬೈಲ್ ಪ್ಯಾಕ್ ನಂಬಿದವರು, ಲಾಸ್‌ಲೆಸ್ ಚಂದಾ ಕಟ್ಟುವ ಮುಂಚೆ ಇನ್ನೊಮ್ಮೆ ಯೋಚನೆ ಮಾಡಿ. ಚಂದಾ ಅಗ್ಗ, ಡೇಟಾ ಅಗ್ಗವಲ್ಲ. ಫೋನಿನ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 10 ಜಿಬಿಯಲ್ಲಿ ಮಾಮೂಲಿ ಗುಣಮಟ್ಟದ 3,000 ಹಾಡು ಹಿಡಿದರೆ ಲಾಸ್‌ಲೆಸ್ 1,000, ಹೈ-ರೆಸ್ 200 ಮಾತ್ರ. ಇದೂ ಆ್ಯಪಲ್‌ನದೇ ಅಂದಾಜು.

6. ಸೆಟ್ಟಿಂಗ್ ಸರಿ ಮಾಡಿ

ಆ್ಯಪಲ್ ಮ್ಯೂಸಿಕ್‌ನಲ್ಲಿ ಲಾಸ್‌ಲೆಸ್ ತಾನಾಗಿ ಶುರುವಾಗುವುದಿಲ್ಲ, ನೀವೇ ಆನ್ ಮಾಡಬೇಕು. ಐಫೋನ್ ಸೆಟ್ಟಿಂಗ್‌ನಲ್ಲಿ ಮ್ಯೂಸಿಕ್ (ಹೊಸ ಐಫೋನ್ ಸಾಫ್ಟ್‌ವೇರ್‌ನಲ್ಲಿ ಅದು ‘ಆ್ಯಪ್ಸ್’ ಒಳಗಿದೆ), ಅದರೊಳಗೆ ಆಡಿಯೊ ಕ್ವಾಲಿಟಿ. ಆಂಡ್ರಾಯ್ಡ್‌ನ ಆ್ಯಪ್‌ನಲ್ಲೂ ಈ ಸೌಲಭ್ಯ ಇದೆ. ದನಿ ಸುತ್ತಲಿಂದ ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಬಂದ್ ಮಾಡಿ. ಅದು ಓಡುವಾಗ ನೀವು ಕೇಳುವುದು ಲಾಸ್‌ಲೆಸ್ ಅಲ್ಲ, ಬೇರೆಯೇ ಮಿಶ್ರಣ. ಸ್ಪಾಟಿಫೈನಲ್ಲಿ ಮೀಡಿಯಾ ಕ್ವಾಲಿಟಿಗೆ ಹೋಗಿ ವೈ-ಫೈಗೆ, ಮೊಬೈಲ್ ಡೇಟಾಗೆ, ಡೌನ್‌ಲೋಡ್‌ಗೆ ಬೇರೆ ಬೇರೆಯಾಗಿ ಆರಿಸಬೇಕು. ಪ್ರತಿ ಫೋನಿನಲ್ಲೂ ಬೇರೆ ಮಾಡಬೇಕು.

ಶಾಸ್ತ್ರೀಯ ಸಂಗೀತ ಕೇಳುವವರು ಇನ್ನೆರಡನ್ನು ಮರೆಯಬೇಡಿ. ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆ ಇರಲಿ. ಇಲ್ಲದಿದ್ದರೆ ವಿಲಂಬಿತದ ಕೊನೆಯ ಸಮ್ (ತಾಳದ ಮೊದಲ ಪೆಟ್ಟು) ಮೇಲೆ ಮುಂದಿನ ಹಾಡು ಬಂದು ಕೂರುತ್ತದೆ. ಆಟೋಪ್ಲೇ ಬಂದ್ ಇರಲಿ. ಮುಕ್ಕಾಲು ತಾಸಿನ ತೋಡಿ ಮುಗಿದು ಮನೆ ತುಂಬ ಅದರ ಗುಂಗು ಇರುವಾಗ ಆ್ಯಪ್ ತನ್ನಷ್ಟಕ್ಕೆ ಇನ್ನೇನೋ ಹಚ್ಚುತ್ತದೆ. ಅದನ್ನು ನಾನು ಸಹಿಸಲಾರೆ.

7. ಕಣ್ಣು ಮುಚ್ಚಿ ಪರೀಕ್ಷೆ ಮಾಡಿ

ದುಡ್ಡು ಕಟ್ಟುವ ಮುಂಚೆ ಇದನ್ನು ಮಾಡಲೇಬೇಕು. ಹೆಚ್ಚಿನ ಸೇವೆಗಳು ಹೊಸಬರಿಗೆ ಸ್ವಲ್ಪ ದಿನ ಉಚಿತ ಕೊಡುತ್ತವೆ. ಆ ದಿನಗಳಲ್ಲೇ ಮಾಡಿ.

ನಿಮಗೆ ಬಾಯಿಪಾಠ ಆಗುವಷ್ಟು ಪರಿಚಯವಿರುವ ಒಂದು ಧ್ವನಿಮುದ್ರಣ ಆರಿಸಿಕೊಳ್ಳಿ. ಅದರಲ್ಲಿ ಎರಡು ನಿಮಿಷದ ಭಾಗ ಸಾಕು. ಆಲಾಪ ಇದ್ದರೆ ಒಳ್ಳೆಯದು, ತಂಬೂರಿ ಸ್ಪಷ್ಟವಾಗಿ ಕೇಳುತ್ತದೆ. ಮನೆಯ ಇನ್ನೊಬ್ಬರ ಕೈಗೆ ಫೋನ್ ಕೊಡಿ. ಅವರು ಒಮ್ಮೆ 256 ಅಥವಾ 320ರಲ್ಲಿ, ಒಮ್ಮೆ ಲಾಸ್‌ಲೆಸ್‌ನಲ್ಲಿ, ನಿಮಗೆ ಹೇಳದೆ ಹಚ್ಚಲಿ. ಯಾವುದು ಯಾವುದು ಅಂತ ನೀವು ಹೇಳಿ, ಅವರು ಬರೆದಿಡಲಿ. ಹತ್ತು ಸಲವಾದರೂ ಮಾಡಿ. ಐದಾರು ಸಲ ಸರಿ ಬಂದರೆ ಅದು ನಾಣ್ಯ ಚಿಮ್ಮಿದರೂ ಬರುವ ಉತ್ತರ. ಒಂಬತ್ತು ಹತ್ತು ಬಂದರೆ ನಿಮ್ಮ ಕಿವಿಗೆ ಲಾಸ್‌ಲೆಸ್ ಬೇಕು.

ವಾಲ್ಯೂಮ್ ಎರಡಕ್ಕೂ ಒಂದೇ ಇರಬೇಕು. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಎರಡು ಬೇರೆ ಆ್ಯಪ್‌ಗಳನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡುವ ಸೌಲಭ್ಯವನ್ನು ಎರಡರಲ್ಲೂ ಬಂದ್ ಮಾಡಿ, ಕೈಯಿಂದಲೇ ಸರಿಮಾಡಿಕೊಳ್ಳಿ.

ಏನನ್ನು ಕೇಳಬೇಕು? ತಂಬೂರಿಯ ನಾಲ್ಕು ತಂತಿ ಬೇರೆ ಬೇರೆಯಾಗಿ ಎದ್ದು ಒಂದಾಗಿ ಕರಗುತ್ತವಲ್ಲ, ಆ ಕರಗುವಿಕೆ ನಯವಾಗಿದೆಯೇ, ಅಥವಾ ನೀರಿನಲ್ಲಿ ಕೇಳಿದ ಹಾಗೆ ಕಲಕಿದೆಯೇ? ತಬಲಾದ ಚಾಟಿ ಹೊಡೆತದ ಅಂಚು ಗೀರಿದ ಹಾಗಿದೆಯೇ, ಮೊಂಡಾಗಿದೆಯೇ? ಹಾರ್ಮೋನಿಯಂ ಮತ್ತು ದನಿ ಒಂದೇ ಸ್ವರದಲ್ಲಿ ಇರುವಾಗ ಎರಡೂ ಬೇರೆ ಅಂತ ತಿಳಿಯುತ್ತದೆಯೇ? ಕಿವಿಗೆ ಒಂದು ಅಳತೆ ಬೇಕು ಅನ್ನಿಸಿದರೆ ಮೈಕ್ ಇಲ್ಲದ ತಂಬೂರಿಯನ್ನು ಹತ್ತಿರ ಕೂತು ಒಮ್ಮೆ ಕೇಳಿ ಬನ್ನಿ. ನಮ್ಮೂರುಗಳಲ್ಲಿ ಸಂಗೀತ ಕಲಿಸುವ ಮನೆಗಳಿಗೆ ಕೊರತೆ ಇಲ್ಲ. ವಿನಯದಿಂದ ಕೇಳಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ನನ್ನ ತೀರ್ಮಾನ ಇದು. 96 ಅಥವಾ 128 ಕೆಬಿಪಿಎಸ್‌ಗೂ 320ಕ್ಕೂ ಇರುವ ವ್ಯತ್ಯಾಸ ದೊಡ್ಡದು, ಬಹಳ ಜನಕ್ಕೆ ತಿಳಿಯುತ್ತದೆ. 320ರಿಂದ ಲಾಸ್‌ಲೆಸ್‌ಗೆ ಇರುವುದು ಸಣ್ಣದು, ಒಳ್ಳೆಯ ಇಯರ್‌ಫೋನ್, ಶಾಂತವಾದ ಕೋಣೆ, ಪಳಗಿದ ಕಿವಿ ಮೂರೂ ಬೇಕು. ಸೀಡಿ ಗುಣಮಟ್ಟದಿಂದ ಹೈ-ರೆಸ್‌ಗೆ ಹೋಗಲು ನಾನು ಯಾರಿಗೂ ದುಡ್ಡು ಕೊಡಿ ಅನ್ನುವುದಿಲ್ಲ.

8. ಈಗ ದರ ಹೋಲಿಸಿ, ಚಂದಾ ಕಟ್ಟಿ

ಪರೀಕ್ಷೆಯಲ್ಲಿ ವ್ಯತ್ಯಾಸ ತಿಳಿಯಲಿಲ್ಲವೇ? ಬೇಸರ ಬೇಡ. ಯೂಟ್ಯೂಬ್ ಮ್ಯೂಸಿಕ್, 320 ಕೆಬಿಪಿಎಸ್ ಕೊಡುವ ಜಿಯೋಸಾವನ್, ಸ್ಪಾಟಿಫೈ ಸ್ಟ್ಯಾಂಡರ್ಡ್, ಯಾವುದರಲ್ಲಿ ನಿಮ್ಮ ಪಟ್ಟಿ ಹೆಚ್ಚು ಸಿಕ್ಕಿತೋ ಅದನ್ನು ತೆಗೆದುಕೊಳ್ಳಿ.

ವ್ಯತ್ಯಾಸ ತಿಳಿಯಿತು ಅಂದರೆ ಲೆಕ್ಕ ಹೀಗೆ. ಒಬ್ಬರೇ ಕೇಳುವವರಾದರೆ ಆ್ಯಪಲ್ ಮ್ಯೂಸಿಕ್ ಅಗ್ಗ. ನೂರು ರೂಪಾಯಿಯ ಆಸುಪಾಸಿನ ಮಾಮೂಲಿ ಚಂದಾದಲ್ಲೇ ಎಲ್ಲ ಗುಣಮಟ್ಟ ಇದೆ. ಅದರ ಕುಟುಂಬ ಯೋಜನೆಯಲ್ಲಿ ಒಟ್ಟು ಆರು ಜನ ಸೇರಬಹುದು. ಸ್ಪಾಟಿಫೈ ಪ್ಲಾಟಿನಂನ 299 ಒಬ್ಬರಿಗೆ ದುಬಾರಿ. ಆದರೆ ಅದರಲ್ಲಿ ಮೂರು ಖಾತೆ ಬರುತ್ತವೆ. ಮೂವರೂ ನಿಜವಾಗಿ ಬಳಸಿದರೆ ತಲೆಗೆ ನೂರೂ ಆಗುವುದಿಲ್ಲ. ಮನೆಯಲ್ಲಿ ಎಷ್ಟು ಜನ ಕೇಳುತ್ತಾರೆ ಅನ್ನುವುದೇ ಇಲ್ಲಿ ಉತ್ತರ.

ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಅಂತ ಸಾವಿರಾರು ವಿದ್ಯಾರ್ಥಿಗಳು ಇರುವ ಊರು ನಮ್ಮದು. ಕಾಲೇಜಿನ ಇಮೇಲ್ ಅಥವಾ ಗುರುತಿನ ಚೀಟಿ ತೋರಿಸಿದರೆ ಚಂದಾ ಬಹಳ ಕಡಿಮೆಯಾಗುತ್ತದೆ. ನಿಮ್ಮ ಮೊಬೈಲ್ ಕಂಪನಿಯ ಆ್ಯಪ್ ಕೂಡ ತೆರೆದು ನೋಡಿ. ತನ್ನ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚಿದ ಮೇಲೆ ಏರ್‌ಟೆಲ್ ಗ್ರಾಹಕರಿಗೆ ಕೆಲವು ತಿಂಗಳು ಆ್ಯಪಲ್ ಮ್ಯೂಸಿಕ್ ಉಚಿತ ಕೊಡುವ ಒಪ್ಪಂದ ಮಾಡಿಕೊಂಡಿತ್ತು. ಇಂಥ ಕೊಡುಗೆ ಬರುತ್ತವೆ, ಹೋಗುತ್ತವೆ.

ಯುಪಿಐ ಆಟೋಪೇ ಒಪ್ಪಿಕೊಂಡರೆ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಕಡಿತವಾಗುವ 24 ತಾಸು ಮುಂಚೆ ಸಂದೇಶ ಬರಬೇಕು. ಆ ಸಂದೇಶ ಓದಿ. ಬೇಡ ಅನ್ನಿಸಿದರೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲೇ ನಿಲ್ಲಿಸಬಹುದು. ವರ್ಷದ ಚಂದಾ ಅಗ್ಗ ಅಂತ ಮೊದಲ ಸಲವೇ ಕಟ್ಟಬೇಡಿ. ಈ ಪೈಪೋಟಿಯಲ್ಲಿ ಆರು ತಿಂಗಳಿಗೆ ದರ, ಯೋಜನೆ ಎರಡೂ ಬದಲಾಗುತ್ತಿವೆ.

9. ಸ್ವಂತದ್ದು ಅಂತ ಒಂದಿಷ್ಟು ಇಟ್ಟುಕೊಳ್ಳಿ

ಚಂದಾ ನಿಂತ ದಿನ ಡೌನ್‌ಲೋಡ್ ಮಾಡಿದ್ದೆಲ್ಲ ಬಂದ್. ಸೇವೆಯೇ ಮುಚ್ಚಬಹುದು. ರೆಸ್ಸೋ ಅನ್ನುವ ಹಾಡಿನ ಆ್ಯಪ್ 2024ರ ಜನವರಿ ಕೊನೆಗೆ ಭಾರತದಲ್ಲಿ ನಿಂತಿತು, ವಿಂಕ್ ಕೂಡ ಆಮೇಲೆ ಹೋಯಿತು. ಜನ ವರ್ಷಗಟ್ಟಲೆ ಕೂಡಿಸಿದ ಪಟ್ಟಿಗಳೂ ಹೋದವು. ನಿಮ್ಮ ಪಟ್ಟಿಯನ್ನು ಆಗಾಗ ಒಂದು ಕಡೆ ಬರೆದಿಟ್ಟುಕೊಳ್ಳಿ.

ದುಡ್ಡಿಲ್ಲದೆ ಕೇಳುವ ದಾರಿಯೂ ಇದೆ. ಆಕಾಶವಾಣಿಯ ‘ರಾಗಂ’ 2016ರ ಜನವರಿ 26ರಂದು ಶುರುವಾದ ವಾಹಿನಿ, ದಿನವಿಡೀ ಶಾಸ್ತ್ರೀಯ ಸಂಗೀತ. ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಲಾಸ್‌ಲೆಸ್ ಅಲ್ಲ, ಆದರೆ ಬೇರೆಲ್ಲೂ ಸಿಗದ ಧ್ವನಿಮುದ್ರಣ ಅಲ್ಲಿ ಬರುತ್ತದೆ.

ಮನೆಯ ಕಪಾಟಿನಲ್ಲಿ ಸೀಡಿಗಳಿದ್ದರೆ ಎಸೆಯಬೇಡಿ. ಅವು ಆಗಲೇ ಲಾಸ್‌ಲೆಸ್, ಅದಕ್ಕೆ ಯಾರಿಗೂ ತಿಂಗಳ ಬಾಡಿಗೆ ಕೊಡಬೇಕಿಲ್ಲ. ಕಂಪ್ಯೂಟರಿಗೆ ಜೋಡಿಸುವ ಸೀಡಿ ಡ್ರೈವ್ ತನ್ನಿ. ವಿಂಡೋಸ್‌ನಲ್ಲಿ ಎಕ್ಸ್ಯಾಕ್ಟ್ ಆಡಿಯೊ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಸೀಡಿಯನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುವಬೇಡಿ. ಕಡತವನ್ನು ದನಿ ಕಳೆದುಕೊಳ್ಳದ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ.

ಕಡತಕ್ಕೆ ಹೆಸರು ಕೊಡುವಾಗ ಸೀಡಿಯ ಜೊತೆ ಬಂದ ಪುಟ್ಟ ಪುಸ್ತಕ ಎದುರಿಗೆ ಇಟ್ಟುಕೊಳ್ಳಿ. ರಾಗ, ತಾಳ, ಧ್ವನಿಮುದ್ರಣದ ವರ್ಷ, ಊರು, ತಬಲಾ ಯಾರು, ಹಾರ್ಮೋನಿಯಂ ಯಾರು, ಹಿಂದೆ ತಂಬೂರಿ ಹಿಡಿದು ದನಿಗೂಡಿಸಿದವರು ಯಾರು, ಎಲ್ಲ ಬರೆಯಿರಿ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಸಾಥ್ ಕೊಟ್ಟವರ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ನಿಮ್ಮ ಕಡತದಲ್ಲಿ ಇರಲಿ.